ಪಂದ್ಯ ಪುರುಷೋತ್ತಮ ಯಾರು?



ನಮ್ಮ ಕಡೆ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಇದು ನಿಮಗೂ ಹೊಸದಲ್ಲ. ಕ್ರಿಕೆಟ್ ಪಂದ್ಯ ಮುಗಿದ ಮೇಲೆ ಒಬ್ಬನನ್ನು ಕರೆದು ಬಹುಮಾನ ಕೊಡುತ್ತಾರಲ್ಲ, ಅವನಿಗೆ ತಮಿಳಿನಲ್ಲಿ ‘ಆಟ್ಟ ನಾಯಗನ್’ ಎನ್ನುತ್ತಾರೆ. ಕನ್ನಡದ ಪತ್ರಿಕೆಗಳು ‘ಪಂದ್ಯ ಪುರುಷೋತ್ತಮ’ ಎಂದು ಬರೆಯುತ್ತಿದ್ದವು. ಹೆಣ್ಣುಮಕ್ಕಳೂ ಆಡಿ ಗೆದ್ದು ತೋರಿಸಿದ ಮೇಲೆ ‘ಪಂದ್ಯಶ್ರೇಷ್ಠ’ ಎಂಬ ಮಾತು ಬಳಕೆಗೆ ಬಂದಿದೆ. ಹೆಸರು ಯಾವುದಾದರೂ ಆಗಲಿ, ನನ್ನ ಪ್ರಶ್ನೆ ಒಂದೇ. ಹನ್ನೊಂದು ಜನ ಸೇರಿ ಗೆದ್ದ ಆಟದಲ್ಲಿ ಒಬ್ಬನನ್ನು ಮಾತ್ರ ಹೇಗೆ ಆರಿಸುವುದು? ಆರಿಸಿದ್ದು ಸರಿಯಾಗಿತ್ತೇ ಎಂದು ಆಮೇಲೆ ಯಾರಾದರೂ ಲೆಕ್ಕ ನೋಡುತ್ತಾರೆಯೇ?

ನಾನು ಕ್ರಿಕೆಟ್ ಪಂಡಿತನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಲೆಕ್ಕ ಬರೆದು ಪಳಗಿದ ಕೈ ಎಂದು ಊರಿನ ಹುಡುಗರು ಪೊಂಗಲ್ ಹಬ್ಬದ ಟೆನ್ನಿಸ್ ಬಾಲ್ ಪಂದ್ಯಗಳ ಸ್ಕೋರ್ ಪುಸ್ತಕವನ್ನು ನನ್ನ ಕೈಗೆ ಕೊಡುತ್ತಾರೆ. ಆ ಪುಸ್ತಕ ಹಿಡಿದುಕೊಂಡೇ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಬೇಕೆಂದೇ ಇವತ್ತು ಕುಳಿತಿದ್ದೇನೆ. ಅದಕ್ಕೆ ಮೊದಲು ದೊಡ್ಡವರ ಲೆಕ್ಕ ನೋಡೋಣ.

1996ರ ಅಕ್ಟೋಬರ್ 21. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್ ಪಂದ್ಯ. ಭಾರತಕ್ಕೆ ಎದುರಾಳಿ ಆಸ್ಟ್ರೇಲಿಯಾ. ಗೆಲ್ಲಲು ಬೇಕಾದದ್ದು 216 ರನ್. ಸಚಿನ್ ತೆಂಡೂಲ್ಕರ್ 88 ಹೊಡೆದರು. ಆದರೆ 164 ರನ್ ಆಗುವಷ್ಟರಲ್ಲಿ ಎಂಟು ವಿಕೆಟ್ ಬಿದ್ದಿದ್ದವು. ಸಚಿನ್ ಔಟಾದರೆಂದು ಎಷ್ಟೋ ಮನೆಗಳಲ್ಲಿ ಟಿ.ವಿ. ಆರಿಸಿ ಊಟಕ್ಕೆ ಎದ್ದರು. ಆಗ ಕ್ರೀಸಿನಲ್ಲಿ ನಿಂತವರು ಇಬ್ಬರು ಬೌಲರುಗಳು. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ಅನಿಲ್ ಕುಂಬ್ಳೆ. ಶ್ರೀನಾಥ್ ಔಟಾಗದೆ 30, ಕುಂಬ್ಳೆ ಔಟಾಗದೆ 16. ಇತರೆ ರನ್ ಸೇರಿ ಇಬ್ಬರ ಜೊತೆಯಾಟ 52. ಭಾರತ ಎರಡು ವಿಕೆಟ್‌ಗಳಿಂದ ಗೆದ್ದಿತು.

ಪಂದ್ಯ ಪುರುಷೋತ್ತಮ ಯಾರು? ಸಚಿನ್ ತೆಂಡೂಲ್ಕರ್.

ಅನ್ಯಾಯ ಎನ್ನುತ್ತೀರಾ? ಸ್ವಲ್ಪ ತಾಳಿ. 88 ಇಲ್ಲದಿದ್ದರೆ ಕೊನೆಯ 52ಕ್ಕೆ ಬೆಲೆ ಎಲ್ಲಿತ್ತು? ಹಾಗೆಯೇ, ಕೊನೆಯ 52 ಇಲ್ಲದಿದ್ದರೆ ಆ 88 ಸೋತ ಪಂದ್ಯದ ಒಂದು ಸಾಲಾಗಿ ಉಳಿಯುತ್ತಿತ್ತು. ಗೋಡೆ ಕಟ್ಟಿದವನು ಒಬ್ಬ, ಸೂರು ಹೊದಿಸಿದವನು ಇನ್ನೊಬ್ಬ. ಮನೆ ಯಾರದು ಎಂದರೆ ಏನು ಹೇಳುವುದು? ಕೊಟ್ಟದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಆ ಪಂದ್ಯದ ಮಾತು ಬಂದಾಗ ನಮ್ಮ ಜನ ಇವತ್ತಿಗೂ ನೆನೆಯುವುದು ಆ ಇಬ್ಬರು ಬೌಲರುಗಳ ಬ್ಯಾಟಿಂಗನ್ನು. ಬಹುಮಾನದ ಪಟ್ಟಿ ಒಂದು ಹೇಳುತ್ತದೆ, ಜನರ ನೆನಪು ಇನ್ನೊಂದು ಹೇಳುತ್ತದೆ.

ಇನ್ನೊಂದು ಉದಾಹರಣೆ. 1999ರ ಫೆಬ್ರವರಿ 7, ದೆಹಲಿಯ ಟೆಸ್ಟ್. ಪಾಕಿಸ್ತಾನದ ಎರಡನೇ ಇನ್ನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು ಕುಂಬ್ಳೆ 74 ರನ್ ಕೊಟ್ಟು ತೆಗೆದರು. ಪಂದ್ಯ ಪುರುಷೋತ್ತಮ ಅವರೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಬತ್ತು ವಿಕೆಟ್ ಕುಂಬ್ಳೆಗೆ ಬಿದ್ದ ಮೇಲೆ ಇನ್ನೊಂದು ತುದಿಯಲ್ಲಿ ಬೌಲಿಂಗ್ ಮಾಡಿದವರು ಶ್ರೀನಾಥ್. ಗೆಳೆಯನಿಗೆ ಹತ್ತನೆಯದೂ ಸಿಗಲೆಂದು ಅವರು ಚೆಂಡನ್ನು ಸ್ಟಂಪಿನಿಂದ ಆಚೆಗೇ ಹಾಕಿದರು. ವಿಕೆಟ್ ತೆಗೆಯುವುದೇ ವೃತ್ತಿಯಾದವನು ವಿಕೆಟ್ ತೆಗೆಯದಂತೆ ಬೌಲಿಂಗ್ ಮಾಡಿದ ಕೆಲಸಕ್ಕೆ ಯಾವ ಸ್ಕೋರ್ ಪುಸ್ತಕದಲ್ಲಿ ಜಾಗವಿದೆ? ಹುಡುಕಿ ನೋಡಿ, ಸಿಗುವುದಿಲ್ಲ.

ಅದಾಗಿ ಎರಡು ವಾರದೊಳಗೆ ಕೋಲ್ಕತ್ತದಲ್ಲಿ ಅದೇ ಪಾಕಿಸ್ತಾನದ ಎದುರು ಶ್ರೀನಾಥ್ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು. ಆದರೂ ಭಾರತ 46 ರನ್‌ಗಳಿಂದ ಸೋತಿತು. ಔಟಾಗದೆ 188 ಹೊಡೆದ ಪಾಕಿಸ್ತಾನದ ಸಯೀದ್ ಅನ್ವರ್ ಮತ್ತು ಸೋತ ತಂಡದ ಶ್ರೀನಾಥ್, ಇಬ್ಬರಿಗೂ ಸೇರಿಸಿ ಪ್ರಶಸ್ತಿ ಕೊಟ್ಟರು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಪ್ರಶಸ್ತಿಯನ್ನು ಹಂಚಬಹುದು. ಸೋತವನಿಗೂ ಕೊಡಬಹುದು.

2001ರ ಮಾರ್ಚಿನಲ್ಲಿ ಅದೇ ಕೋಲ್ಕತ್ತದಲ್ಲಿ ಆಸ್ಟ್ರೇಲಿಯಾದ ಎದುರು ಫಾಲೋಆನ್ ಆದ ಭಾರತ ಗೆದ್ದದ್ದು ನಿಮಗೆ ಗೊತ್ತು. ಹೈದರಾಬಾದಿನ ಲಕ್ಷ್ಮಣ್ 281, ಬೆಂಗಳೂರಿನ ರಾಹುಲ್ ದ್ರಾವಿಡ್ 180, ಇಬ್ಬರ ಜೊತೆಯಾಟ 376. ಹರ್ಭಜನ್ ಸಿಂಗ್ ಆ ಪಂದ್ಯದಲ್ಲಿ 13 ವಿಕೆಟ್ ತೆಗೆದರು. ಪಂದ್ಯದ ಪ್ರಶಸ್ತಿ ಲಕ್ಷ್ಮಣ್‌ಗೆ, ಮೂರು ಟೆಸ್ಟುಗಳಲ್ಲಿ 32 ವಿಕೆಟ್ ತೆಗೆದ ಹರ್ಭಜನ್‌ಗೆ ಸರಣಿಯ ಪ್ರಶಸ್ತಿ. ನಾಲ್ಕನೇ ದಿನವಿಡೀ ಔಟಾಗದೆ ಇನ್ನೊಂದು ತುದಿ ಕಾದ ದ್ರಾವಿಡ್‌ಗೆ ಚಪ್ಪಾಳೆ.

ಇದು ನಮ್ಮ ದೇಶದ ಚಿಂತೆ ಮಾತ್ರವಲ್ಲ. ಅಮೆರಿಕದಲ್ಲಿ ಎನ್.ಬಿ.ಎ. ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಟವಿದೆ. ಒಂದು ಕಡೆಗೆ ಐದೇ ಜನ. ಅಲ್ಲಿ ವರ್ಷಕ್ಕೊಬ್ಬನನ್ನು ಅತ್ಯಂತ ಬೆಲೆಯುಳ್ಳ ಆಟಗಾರ ಎಂದು ಆರಿಸುತ್ತಾರೆ. 1956ರಲ್ಲಿ ಬಾಬ್ ಪೆಟಿಟ್ ಎಂಬಾತನಿಂದ ಇದು ಶುರುವಾಯಿತು. 1961-62ರಲ್ಲಿ ವಿಲ್ಟ್ ಚೇಂಬರ್ಲಿನ್ ಎಂಬ ಆಜಾನುಬಾಹು ಪಂದ್ಯಕ್ಕೆ ಸರಾಸರಿ 50.4 ಅಂಕ ಹೊಡೆದ. ಅಷ್ಟು ಸರಾಸರಿಯನ್ನು ಅವನ ಮುಂಚೆಯೂ ಯಾರೂ ಮುಟ್ಟಲಿಲ್ಲ, ಆಮೇಲೂ ಮುಟ್ಟಿಲ್ಲ. ಆದರೂ ಆ ವರ್ಷದ ಪ್ರಶಸ್ತಿ ಅವನಿಗೆ ಬರಲಿಲ್ಲ. ಬಾಸ್ಟನ್ ತಂಡದ ಬಿಲ್ ರಸೆಲ್‌ಗೆ ಹೋಯಿತು.

ರಸೆಲ್‌ನ ಹೆಚ್ಚುಗಾರಿಕೆ ಏನು? ಎದುರಾಳಿ ಎಸೆದ ಚೆಂಡನ್ನು ಬುಟ್ಟಿಗೆ ಬೀಳದಂತೆ ತಡೆಯುವುದು. ವಿಚಿತ್ರ ಏನೆಂದರೆ, ಹಾಗೆ ತಡೆದದ್ದನ್ನು ಎಣಿಸಿ ಬರೆಯುವ ಪದ್ಧತಿ ಎನ್.ಬಿ.ಎ.ಯಲ್ಲಿ ಶುರುವಾದದ್ದೇ 1973-74ರಲ್ಲಿ. ಅಷ್ಟರಲ್ಲಿ ರಸೆಲ್ ಆಟ ಬಿಟ್ಟಾಗಿತ್ತು. ಅಂದರೆ ಅವನ ಮುಖ್ಯ ಕೆಲಸ ಲೆಕ್ಕದ ಪುಸ್ತಕದಲ್ಲೇ ಇರಲಿಲ್ಲ! ಹಾಗಿದ್ದೂ ಐದು ಸಲ ಅವನಿಗೆ ಪ್ರಶಸ್ತಿ ಬಂತು. ಹೇಗೆ? ಆಗ ಮತ ಹಾಕುತ್ತಿದ್ದವರು ಆಟಗಾರರೇ. ತಮ್ಮ ತಂಡದವನಿಗೆ ಮತ ಹಾಕುವಂತಿರಲಿಲ್ಲ. ರಸೆಲ್‌ನ ಕೈಗೆ ಸಿಕ್ಕಿ ಅಂಕ ಕಳೆದುಕೊಂಡವರೇ ಅವನನ್ನು ಆರಿಸಿದರು. ಏಟು ಎಷ್ಟು ಜೋರು ಎಂದು ತಿಂದವನಿಗೆ ತಾನೇ ಗೊತ್ತು? 1980-81ರಿಂದ ಮತ ಹಾಕುವ ಕೆಲಸ ಪತ್ರಕರ್ತರಿಗೂ ಪ್ರಸಾರಕರಿಗೂ ಹೋಯಿತು. ಯಾರಿಗೆ ಕೊಟ್ಟದ್ದು ಸರಿ, ಯಾರಿಗೆ ತಪ್ಪು ಎಂಬ ವಾದ ಅಲ್ಲಿ ಇಂದಿಗೂ ನಿಂತಿಲ್ಲ. ಅಂತಿಮ ಸರಣಿಗೆಂದು ಬೇರೆ ಪ್ರಶಸ್ತಿಯನ್ನು 1969ರಲ್ಲಿ ಮೊದಲ ಸಲ ಕೊಟ್ಟಾಗ, ಅದು ಸಿಕ್ಕಿದ್ದು ಸೋತ ತಂಡದ ಜೆರ್ರಿ ವೆಸ್ಟ್‌ಗೆ.

ಈಗ ನಮ್ಮ ಐ.ಪಿ.ಎಲ್. ಲೆಕ್ಕ. 2025ರಲ್ಲಿ ಅತಿ ಹೆಚ್ಚು ರನ್ ಹೊಡೆದವನ ಕಿತ್ತಳೆ ಟೋಪಿ ನಮ್ಮ ತಮಿಳುನಾಡಿನ ಸಾಯಿ ಸುದರ್ಶನ್‌ಗೆ, 759 ರನ್. ಅತಿ ಹೆಚ್ಚು ವಿಕೆಟ್ ತೆಗೆದವನ ನೇರಳೆ ಟೋಪಿ ಕರ್ನಾಟಕದ ಪ್ರಸಿದ್ಧ್ ಕೃಷ್ಣಗೆ, 25 ವಿಕೆಟ್. ಮನೆಯ ಭಾಷೆಗೊಂದು, ಬೀದಿಯ ಭಾಷೆಗೊಂದು ಟೋಪಿ ಬಂತೆಂದು ನಾವು ಸಂತೋಷಪಟ್ಟೆವು. ಆದರೆ ಇಬ್ಬರೂ ಆಡಿದ್ದು ಗುಜರಾತ್ ತಂಡಕ್ಕೆ. ಅತ್ಯಂತ ಬೆಲೆಯುಳ್ಳ ಆಟಗಾರನೆಂಬ ಪ್ರಶಸ್ತಿ ಮುಂಬೈ ತಂಡದ ಸೂರ್ಯಕುಮಾರ್ ಯಾದವ್‌ಗೆ. ಕಪ್ಪು ಮಾತ್ರ ಹದಿನೆಂಟನೇ ವರ್ಷದಲ್ಲಿ ಬೆಂಗಳೂರಿಗೆ. ಜೂನ್ 3ರ ಫೈನಲ್‌ನಲ್ಲಿ ಪಂಜಾಬ್ ಸೋತದ್ದು ಆರೇ ರನ್‌ಗಳಿಂದ. ಆ ದಿನದ ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ. ಸಿಕ್ಸರ್‌ಗಳ ಆಟ ಎನ್ನುವ ಆಟದಲ್ಲಿ, ನಾಲ್ಕು ಓವರಿನಲ್ಲಿ 17 ರನ್ ಮಾತ್ರ ಕೊಟ್ಟು ಎರಡು ವಿಕೆಟ್ ತೆಗೆದವನನ್ನು ಗುರುತಿಸಿದರು. ಕೊಡದೆ ಉಳಿಸಿದ ರನ್ನೂ ರನ್ನೇ ಎಂದು ಕಂಡವರು ಅವರು.

ನನಗೆ ಕಾಣದೆ ಹೋದದ್ದು ಅದೇ.

ಕೆಲವು ವರ್ಷಗಳ ಹಿಂದೆ, ಪೊಂಗಲ್ ಪಂದ್ಯಗಳ ಫೈನಲ್. ಎಂಟೆಂಟು ಓವರ್. ನಮ್ಮ ಬೀದಿಯ ತಂಡ 61 ಹೊಡೆಯಿತು, ಎದುರಾಳಿ 58ಕ್ಕೆ ನಿಂತಿತು. ನಮ್ಮವನೊಬ್ಬ ಸಿಕ್ಸರ್ ಮೇಲೆ ಸಿಕ್ಸರ್ ಎತ್ತಿ 34 ಹೊಡೆದಿದ್ದ. ಬಹುಮಾನ ಒಂದು ಎವರ್‌ಸಿಲ್ವರ್ ಕುಡ. ಯಾರಿಗೆ ಎಂದು ಕೇಳಿದರು. ನಾನು ಪುಸ್ತಕ ಮಡಿಸಿ ಸಿಕ್ಸರ್ ಹುಡುಗನ ಹೆಸರು ಹೇಳಿಬಿಟ್ಟೆ. ಎಲ್ಲರೂ ಕೇಕೆ ಹಾಕಿದರು.

ಜನ ಚದುರಿದ ಮೇಲೆ ನಮ್ಮ ವಿಕೆಟ್ ಕೀಪರ್ ಹುಡುಗ ಹತ್ತಿರ ಬಂದ. ಮೊಣಕೈ ತರಚಿತ್ತು.

“ಬ್ಯಾಂಕ್ ತಾತಾ, ಬೈ ಎಷ್ಟು ಬಿದ್ದಿದೆ ಅಂತ ಒಂದ್ಸಲ ನೋಡ್ತೀರಾ?” ಎಂದ.

ನೋಡಿದೆ. ಎದುರಾಳಿ ಕೀಪರ್ ಬಿಟ್ಟ ಬೈ ಹನ್ನೊಂದು. ನಮ್ಮ ಹುಡುಗ ಬಿಟ್ಟದ್ದು ಒಂದು. ಹಳ್ಳ ದಿಣ್ಣೆಯ ಮೈದಾನ, ವೇಗದ ಬೌಲಿಂಗ್. ಉಳಿದ ಹತ್ತನ್ನೂ ಅವನು ಮೈಯೊಡ್ಡಿ ತಡೆದಿದ್ದ. ನಾವು ಗೆದ್ದದ್ದು ಮೂರು ರನ್‌ಗಳಿಂದ. ಬ್ಯಾಟಿಂಗ್ ಸಾಲಿನಲ್ಲಿ ಅವನ ಹೆಸರಿನ ಮುಂದೆ ನಾನು ಬರೆದಿದ್ದದ್ದು ಸೊನ್ನೆ.

“ಇನ್ಮೇಲೆ ಕೀಪಿಂಗ್ ಮಾಡಲ್ಲ ತಾತಾ, ಬ್ಯಾಟಿಂಗೇ ಕಲೀತೀನಿ” ಎಂದು ಹೇಳಿ ಹೋದ. ಮರುವರ್ಷ ನಮ್ಮ ತಂಡಕ್ಕೆ ಕೀಪಿಂಗ್ ಮಾಡಲು ಯಾರೂ ಮುಂದೆ ಬರಲಿಲ್ಲ.

ಬಂಧುಗಳೇ, 34 ಹೊಡೆದವನಿಗೆ ಕುಡ ಕೊಟ್ಟದ್ದು ನನ್ನ ತಪ್ಪಲ್ಲ. ಆ 34 ಇಲ್ಲದಿದ್ದರೂ ನಾವು ಸೋಲುತ್ತಿದ್ದೆವು. ಇನ್ನೊಂದು ಕಾಲಮ್ ನೋಡದೆ ಹೆಸರು ಹೇಳಿದ್ದು ನನ್ನ ತಪ್ಪು. ಬ್ಯಾಂಕಿನಲ್ಲಿ ಒಂದು ಕಡೆಯ ಕೂಡಿಕೆ ಮಾತ್ರ ನೋಡಿ ದಿನದ ಲೆಕ್ಕ ಮುಚ್ಚಿದ್ದರೆ ಮನೆಗೆ ಬಿಡುತ್ತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಎರಡೂ ಕಡೆ ತಾಳೆ ನೋಡಿದವನು ಮೈದಾನದಲ್ಲಿ ಅದನ್ನು ಮರೆತೆ. ಬಹುಮಾನ ಎಂದರೆ ಒಬ್ಬನಿಗೆ ಕೊಡುವ ಪಾತ್ರೆಯಷ್ಟೇ ಅಲ್ಲ. ಯಾವ ಕೆಲಸಕ್ಕೆ ಬೆಲೆ, ಯಾವುದಕ್ಕೆ ಇಲ್ಲ ಎಂದು ನೋಡುತ್ತ ನಿಂತ ಮಕ್ಕಳಿಗೆಲ್ಲ ಹೇಳುವ ಮಾತು ಅದು.

ಈಗ ನಮ್ಮಲ್ಲಿ ಮೂರು ಕಟ್ಟಳೆ ಮಾಡಿಕೊಂಡಿದ್ದೇವೆ. ನಿಮ್ಮ ಊರಿನ ಕ್ರಿಕೆಟ್ಟಿಗೂ ಕಬಡ್ಡಿಗೂ ಬೇಕಾದರೆ ಬಳಸಿಕೊಳ್ಳಿ. ಮೊದಲನೆಯದು, ಹೆಸರು ಹೇಳುವ ಮುಂಚೆ ಪುಸ್ತಕದ ಎಲ್ಲ ಕಾಲಮ್‌ಗಳನ್ನೂ ಜೋರಾಗಿ ಓದುವುದು: ರನ್, ವಿಕೆಟ್, ಕ್ಯಾಚ್, ರನೌಟ್, ವೈಡ್, ಬೈ. ಎರಡನೆಯದು, ಸೋತ ತಂಡದ ನಾಯಕನನ್ನು ಕರೆದು, “ನಿಮ್ಮನ್ನು ಕಟ್ಟಿಹಾಕಿದವನು ಯಾರಪ್ಪ?” ಎಂದು ಕೇಳುವುದು. ಅವನು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಮೂರನೆಯದು, ಇಬ್ಬರದು ಸಮಸಮ ಎನ್ನಿಸಿದರೆ ಇಬ್ಬರಿಗೂ ಕೊಡುವುದು. ಕುಡವನ್ನು ಎರಡು ಭಾಗ ಮಾಡಲಾಗದು. ಅದಕ್ಕೇ ಈಗ ಒಂದು ಕುಡದ ಬದಲು ಎರಡು ಚೊಂಬು ತರಿಸುತ್ತೇವೆ.

ಆ ಕೀಪರ್ ಹುಡುಗ ಈಗ ಹೊಸೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಮೈದಾನದ ಕಡೆ ಬರುತ್ತಾನೆ. ಹೋದ ಪೊಂಗಲ್‌ನಲ್ಲಿ ನಾನು ಬೈ ಕಾಲಮ್ ಓದುವಾಗ ಹಿಂದೆ ನಿಂತು ಕೇಳಿಸಿಕೊಂಡ. ಏನೂ ಹೇಳಲಿಲ್ಲ. ಹಬ್ಬದ ಮಾರನೆಯ ದಿನ ಬೀದಿಯ ಚಿಕ್ಕ ಹುಡುಗನೊಬ್ಬನಿಗೆ ಕೀಪಿಂಗ್‌ಗೆ ಹೇಗೆ ಕೂರಬೇಕೆಂದು ತೋರಿಸಿಕೊಡುತ್ತಿದ್ದ. ಅದನ್ನು ಯಾವ ಕಾಲಮ್‌ನಲ್ಲಿ ಬರೆಯಲಿ?