ಎಣ್ಣೆ ಇಳಿಯುವ ಬಂದರು, ಎಣ್ಣೆ ಹೊರಡುವ ಧಕ್ಕೆ

ಬೆಳಗ್ಗೆ ಐದೂವರೆಗೆ ಮಂಗಳೂರಿನ ಧಕ್ಕೆಗೆ ಹೋದರೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ. ಆಮೇಲೆ ಚಪ್ಪಲಿಯೊಳಗೆ ತಣ್ಣನೆ ಮಂಜುಗಡ್ಡೆ ನೀರು. ಮೀನು ಕಾಣುವುದು ಕಡೆಗೆ. ದೋಣಿಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ತುಳು, ಬ್ಯಾರಿ, ಕನ್ನಡ, ಮಲಯಾಳ ಎಲ್ಲ ಸೇರಿದ ಹರಾಜಿನ ಕೂಗು ಕೇಳುತ್ತಿದೆ. ತಲೆಯ ಮೇಲೆ ಬುಟ್ಟಿ ಹೊತ್ತವರು ದಾರಿ ಕೇಳುವುದಿಲ್ಲ, ನಾವೇ ಸರಿದುಕೊಳ್ಳಬೇಕು.

ಬೂತಾಯಿ ರಾಶಿಯ ಮುಂದೆ ಕುಳಿತಿದ್ದ ಹೆಂಗಸು ನನ್ನನ್ನು ಗಿರಾಕಿ ಎಂದೇ ತಿಳಿದರು.

“ತೆಕ್ಕೊಳ್ಳಿ, ಕೊಬ್ಬು ತುಂಬಿದ ಬೂತಾಯಿ. ಕಾವಲಿಗೆ ಎಣ್ಣೆ ಹಾಕುವುದೇ ಬೇಡ. ಅದರದ್ದೇ ಎಣ್ಣೆ ಬಿಡ್ತದೆ.”

“ಎಣ್ಣೆ ವಿಷಯಕ್ಕೇ ಬಂದದ್ದು ಅಕ್ಕ,” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂಥದ್ದೂ ಆಗಿರಲಿಲ್ಲ.

ವಾರದ ಹಿಂದೆ ನನ್ನ ರಕ್ತ ಪರೀಕ್ಷೆಯ ವರದಿ ಬಂದಿತ್ತು. ಸೊಂಟದ ಸುತ್ತಳತೆ 96 ಸೆಂ.ಮೀ. ನಮ್ಮ ದೇಶದ ಗಂಡಸರಿಗೆ 90 ದಾಟಬಾರದು ಎನ್ನುತ್ತಾರೆ. ಸಿಆರ್‌ಪಿ ಎಂಬ ಸೂಚಕ 3.8. ಅದು 1ರ ಒಳಗಿದ್ದರೆ ನೆಮ್ಮದಿ, 3 ದಾಟಿದರೆ ಹೃದಯದ ಬಗ್ಗೆ ಎಚ್ಚರ ಬೇಕು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮಲ್ಲಿ ತಿಂಗಳಿಗೆ ಎಣ್ಣೆ ಎಷ್ಟು ಹೋಗ್ತದೆ?” ನನಗೆ ಗೊತ್ತಿರಲಿಲ್ಲ. ಪೆಟ್ರೋಲ್ ಎಷ್ಟು ಹೋಗುತ್ತದೆಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ.

ಸಿಆರ್‌ಪಿ ಯಕೃತ್ತು ತಯಾರಿಸುವ ಪ್ರೋಟೀನು. ಗಾಯವಾದಾಗ, ಸೋಂಕು ತಗಲಿದಾಗ ಏರುವುದು, ವಾಸಿಯಾದ ಮೇಲೆ ಇಳಿಯುವುದು ಅದರ ಕ್ರಮ. ಆದರೆ ಹೊಟ್ಟೆಯ ಸುತ್ತ ಬೊಜ್ಜು ಕೂತರೆ ಯಾವ ಗಾಯವೂ ಇಲ್ಲದೆ ಅದು ಏರಿಯೇ ಇರುತ್ತದೆ. ಬೊಜ್ಜು ಸುಮ್ಮನೆ ಬಿದ್ದಿರುವ ಮೂಟೆ ಎಂದು ಬಹುಕಾಲ ನಂಬಿದ್ದರು. ಬೊಜ್ಜು ಬೆಳೆದ ಇಲಿಗಳ ಕೊಬ್ಬಿನ ಅಂಗಾಂಶವೇ ಉರಿಯೂತದ ಸಂದೇಶಗಳನ್ನು ಹೊರಡಿಸುತ್ತದೆ, ಅದರಿಂದ ಇನ್ಸುಲಿನ್ನಿನ ಕೆಲಸ ಕೆಡುತ್ತದೆ ಎಂದು 1993ರಲ್ಲಿ ಅಮೆರಿಕದ ಹೋತಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ತೋರಿಸಿದರು. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಹಾಗೆ. ಹೊಗೆ ಕಾಣುವುದಿಲ್ಲ, ಕಾವು ಮಾತ್ರ ವರ್ಷಗಟ್ಟಲೆ ಇರುತ್ತದೆ.

ಈ ಕಾವು ಆರಿಸುವ ಸರಕು ನನ್ನ ಕಾಲಬುಡದಲ್ಲೇ ರಾಶಿ ಬಿದ್ದಿತ್ತು. ಬೂತಾಯಿ, ಬಂಗುಡೆಗಳ ಕೊಬ್ಬಿನಲ್ಲಿರುವ ಒಮೆಗಾ–3 ಆಮ್ಲಗಳಿಂದ ದೇಹ ಉರಿಯೂತ ತಣಿಸುವ ಪದಾರ್ಥಗಳನ್ನು ತಯಾರಿಸಿಕೊಳ್ಳುತ್ತದೆ. ಬಡವರ ಮೀನೆಂದು ಅಂಜಲಿನ ಪಕ್ಕ ಅದನ್ನು ಕೀಳಾಗಿ ಕಾಣುವವರು ಉಂಟು. ಆದರೆ ಬುಟ್ಟಿ ಸೇರುವ ಬೂತಾಯಿಯೆಲ್ಲ ನಮ್ಮ ಕಾವಲಿಗೆ ಬರುವುದಿಲ್ಲ. ನೀರು ತೊಟ್ಟಿಕ್ಕಿಸುತ್ತ ನಿಂತಿದ್ದ ಒಂದು ಲಾರಿಗೆ ಕ್ರೇಟುಗಟ್ಟಲೆ ಸುರಿಯುತ್ತಿದ್ದರು. ಮಂಜುಗಡ್ಡೆ ಇಲ್ಲ, ಎಣಿಕೆಯೂ ಇಲ್ಲ.

“ಇದು ಎಲ್ಲಿಗೆ?”

“ಮಿಲ್ಲಿಗೆ.”

ಉಳ್ಳಾಲದ ಕಡೆ ಮೀನು ಹಿಟ್ಟಿನ ಕಾರ್ಖಾನೆಗಳಿವೆ. ಗಾಳಿ ಆ ಕಡೆಯಿಂದ ಬೀಸಿದರೆ ವಿಳಾಸ ಕೇಳಬೇಕಾಗಿಲ್ಲ. ಮೀನನ್ನು ಬೇಯಿಸಿ, ಹಿಂಡಿ, ಹಿಟ್ಟು ಒಂದು ಕಡೆ, ಎಣ್ಣೆ ಒಂದು ಕಡೆ ತೆಗೆಯುತ್ತಾರೆ. ಅವು ಸಿಗಡಿ ಕೆರೆಗಳ ಆಹಾರಕ್ಕೆ, ಕೋಳಿ ಆಹಾರಕ್ಕೆ, ಹೊರದೇಶಕ್ಕೆ ಹೊರಡುತ್ತವೆ. ಹಿಂದೆಯೂ ಬೂತಾಯಿ ಎಣ್ಣೆಯನ್ನು ಮರದ ದೋಣಿಗೆ ಹಚ್ಚುತ್ತಿದ್ದರು, ಹೆಚ್ಚಾದ ಮೀನನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಆಗ ಉಳಿದದ್ದು ಹೋಗುತ್ತಿತ್ತು. ಈಗ ಹೋಗಿ ಉಳಿದದ್ದು ನಮಗೆ.

ಬಂದರಿನ ಬೀದಿಯಲ್ಲಿ

ಧಕ್ಕೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಹಳೆ ಬಂದರಿನ ಸಗಟು ಅಂಗಡಿಗಳು. ಒಂಬತ್ತು ಗಂಟೆಗೆ ಇಲ್ಲಿ ಕೈಗಾಡಿ, ಟೆಂಪೊ, ಲಾರಿಗಳ ಜಟಾಪಟಿ. ಹಳೆಯ ಹೆಂಚಿನ ಕಟ್ಟಡ, ಒಳಗೆ ಒಣಮೆಣಸು, ಬೆಲ್ಲ, ಗೋಣಿ ಎಲ್ಲ ಬೆರೆತ ಪರಿಮಳ. ನಾನು ಹುಡುಕುತ್ತಿದ್ದದ್ದು ಬಾಗಿಲ ಬಳಿಯೇ ಆಳೆತ್ತರಕ್ಕೆ ಪೇರಿಸಿತ್ತು: ಪಾಮೋಲಿನ್ ಟಿನ್ನು.

“ಹೋಟೆಲಿನವರಿಗೆ, ಬೇಕರಿಯವರಿಗೆ ಇದೇ ಆಗಬೇಕು,” ಎಂದರು ಗಲ್ಲಾದಲ್ಲಿದ್ದ ಹಿರಿಯರು. “ಎಷ್ಟು ಕಾಯಿಸಿದ್ರೂ ಬೇಗ ಕೆಡುವುದಿಲ್ಲ. ರೇಟೂ ಕಮ್ಮಿ. ತೆಂಗಿನೆಣ್ಣೆಯಲ್ಲಿ ಬಜೆ ಕಾಯಿಸಿ ಮಾರಿದ್ರೆ ಅವ ಅಂಗಡಿ ಮುಚ್ಚಬೇಕಷ್ಟೆ.”

ಮಾತು ಸುಳ್ಳಲ್ಲ. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ತೆಂಗಿನ ನಾಡಿನ ಮನೆಗಳೇ ಬೇರೆ ಪ್ಯಾಕೆಟ್ಟಿನತ್ತ ಕೈ ಚಾಚಿದವು. ಹಾಗೆಂದು ತೆಂಗಿನೆಣ್ಣೆಗೆ ಆರತಿ ಎತ್ತಲು ನಾನು ಹೊರಟಿಲ್ಲ. ತಾಳೆ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಅರ್ಧ, ತೆಂಗಿನೆಣ್ಣೆಯಲ್ಲಿ 90 ಶೇಕಡಾದ ಹತ್ತಿರ. ವಾಟ್ಸ್‌ಆಪ್‌ನಲ್ಲಿ ಸೂರ್ಯಕಾಂತಿ, ಸೋಯಾ ಎಣ್ಣೆಗಳೇ ಉರಿಯೂತದ ಮೂಲ ಎಂದು ತಿರುಗುವ ಸಂದೇಶವನ್ನೂ ನಾನು ಒಪ್ಪುವುದಿಲ್ಲ. ಅವುಗಳಲ್ಲಿರುವ ಲಿನೋಲಿಯಿಕ್ ಆಮ್ಲವನ್ನು ಹೆಚ್ಚಿಸಿ ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ಉರಿಯೂತದ ಸೂಚಕಗಳು ಏರಿದ್ದು ಕಾಣುವುದಿಲ್ಲ. ಯಾವ ಎಣ್ಣೆ ಎಂಬ ಜಗಳದಲ್ಲಿ ಎಷ್ಟು ಎಣ್ಣೆ ಎಂಬ ಲೆಕ್ಕ ಮರೆತುಹೋಗುತ್ತದೆ.

ಪಕ್ಕದ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸ್, ನೂಡಲ್ಸ್‌ಗಳ ಪೆಟ್ಟಿಗೆ. ಒಂದೊಂದನ್ನೇ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುತ್ತ ಹೋದೆ. ಕೈಗೆ ಸಿಕ್ಕ ಒಂಬತ್ತು ಪೊಟ್ಟಣಗಳಲ್ಲಿ ಏಳರ ಮೇಲೆ ತಾಳೆ ಎಣ್ಣೆ ಇತ್ತು. ಅಂಗಡಿಯ ಹುಡುಗ ನಾನು ಎಕ್ಸ್‌ಪೈರಿ ನೋಡುತ್ತಿದ್ದೇನೆಂದು ಎಣಿಸಿ, “ಫ್ರೆಶ್ ಉಂಟು ಸರ್,” ಎಂದ.

ಇಂಥ ಪೊಟ್ಟಣದ ತಿಂಡಿಗಳ ಬಗ್ಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗ ಈಗ ಪ್ರಸಿದ್ಧ. 20 ಜನರಿಗೆ ಎರಡು ವಾರ ಕಾರ್ಖಾನೆಯ ತಿಂಡಿ, ಎರಡು ವಾರ ಸಾದಾ ಅಡುಗೆ. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸರಿಸಮ. ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. ಕಾರ್ಖಾನೆಯ ತಿಂಡಿ ಸಿಕ್ಕಾಗ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಎರಡು ವಾರದಲ್ಲಿ 0.9 ಕೆ.ಜಿ. ತೂಕ ಏರಿತು. ಸಾದಾ ಅಡುಗೆಯಲ್ಲಿ ಅಷ್ಟೇ ಇಳಿಯಿತು. ನಾಲಿಗೆಯ ಚಾಪಲ್ಯ ಎಂದು ಬೈದುಕೊಳ್ಳುವ ನಮಗೆ ಇದು ಸ್ವಲ್ಪ ಸಮಾಧಾನದ ಸುದ್ದಿ. ನಾಲಿಗೆ ಅದೇ, ಮುಂದಿಟ್ಟ ತಟ್ಟೆ ಬೇರೆ.

ಸೊಸೈಟಿಯ ಸಾಲು

ಹನ್ನೊಂದಕ್ಕೆ ಕೂಳೂರು ಕಡೆಯ ಒಂದು ನ್ಯಾಯಬೆಲೆ ಅಂಗಡಿ. ಊರವರ ಬಾಯಲ್ಲಿ ‘ಸೊಸೈಟಿ’. ಹೆಬ್ಬೆಟ್ಟು ಒತ್ತುವ ಯಂತ್ರದ ಮುಂದೆ ಚೀಲ ಹಿಡಿದವರ ಸಾಲು. ಬೀಡಿ ಕಟ್ಟಿ ಬೆರಳು ಸವೆದ ಅಜ್ಜಿಯೊಬ್ಬರು ಮೂರು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲ. ನಾಲ್ಕನೆಯದಕ್ಕೆ ಒಪ್ಪಿತು. ಅಕ್ಕಿ ಸುರಿಸಿಕೊಂಡು ಪಕ್ಕಕ್ಕೆ ಬಂದವರನ್ನು ಮಾತಾಡಿಸಿದೆ.

“ಇದು ಬೆಳ್ತಿಗೆ ಅಲ್ವಾ ಮಾರಾಯ್ರೆ. ದೋಸೆಗೆ ಅಡ್ಡಿ ಇಲ್ಲ. ಗಂಜಿಗೆ ಆಗುವುದಿಲ್ಲ. ಕುಚ್ಚಲಕ್ಕಿ ಕೊಟ್ರೆ ಎರಡು ಹೊತ್ತು ಹೊಟ್ಟೆ ನಿಲ್ತದೆ.”

ಪಡಿತರದಲ್ಲಿ ಕುಚ್ಚಲಕ್ಕಿ ಕೊಡಿ ಎಂಬುದು ಕರಾವಳಿಯ ಹಳೆಯ ಬೇಡಿಕೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವಗಳು ಕಾಳಿನೊಳಗೆ ಇಳಿಯುತ್ತವೆ. ಕಡಿಮೆ ಪಾಲಿಶಿನ ಕೆಂಪಕ್ಕಿಯಲ್ಲಿ ನಾರೂ ಉಳಿಯುತ್ತದೆ. ಅಜ್ಜಿ ಹೇಳಿದ ‘ಹೊಟ್ಟೆ ನಿಲ್ತದೆ’ ಎಂಬುದಕ್ಕೆ ಇದೇ ವಿವರಣೆ. ಆದರೆ ನಮ್ಮ ಗದ್ದೆಗಳಲ್ಲಿ ಅಡಿಕೆ ಎದ್ದು ನಿಂತಿದೆ. ದೇಶದ ಗೋದಾಮಿನಲ್ಲಿರುವುದು ಬೆಂಬಲ ಬೆಲೆಗೆ ರಾಶಿ ರಾಶಿಯಾಗಿ ಕೊಂಡ ಗೋಧಿ, ಅಕ್ಕಿ. ಹಸಿವಿನ ದಿನಗಳಲ್ಲಿ, 1965ರಲ್ಲಿ ಹುಟ್ಟಿದ ಭಾರತ ಆಹಾರ ನಿಗಮಕ್ಕೆ ಹೊಟ್ಟೆ ತುಂಬಿಸುವುದೇ ಗುರಿ, ಅದನ್ನು ಅದು ಮಾಡಿದೆ. 2013ರ ಅನ್ನಭಾಗ್ಯವನ್ನು ಗೇಲಿ ಮಾಡುವವರು ಈ ಸಾಲಿನಲ್ಲಿ ಒಮ್ಮೆ ನಿಲ್ಲಬೇಕು.

ಆದರೂ ಲೆಕ್ಕ ಲೆಕ್ಕವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 30.1 ಶೇಕಡಾ ಮಹಿಳೆಯರು, 30.9 ಶೇಕಡಾ ಪುರುಷರು ಅತಿತೂಕದವರು ಅಥವಾ ಬೊಜ್ಜಿನವರು. ಅದೇ ಸಮೀಕ್ಷೆಯಲ್ಲಿ ಅದೇ ರಾಜ್ಯದ 47.8 ಶೇಕಡಾ ಮಹಿಳೆಯರಿಗೆ ರಕ್ತಹೀನತೆ. ಹೊಟ್ಟೆ ತುಂಬಿದೆ, ತಟ್ಟೆ ತುಂಬಿಲ್ಲ. ಅನ್ನ ಅಗ್ಗ, ಎಣ್ಣೆ ಅಗ್ಗ, ಸಕ್ಕರೆ ಅಗ್ಗ. ಬೇಳೆ, ತರಕಾರಿ, ಹಣ್ಣು ತುಟ್ಟಿ. ಬಡವರ ತಟ್ಟೆ ಯಾವ ಕಡೆ ವಾಲುತ್ತದೆಂದು ಹೇಳಲು ವಿಜ್ಞಾನಿ ಬೇಕಾಗಿಲ್ಲ.

ಪಣಂಬೂರಿನ ಹಡಗು

ಸಂಜೆ ನಾಲ್ಕಕ್ಕೆ ಪಣಂಬೂರು. ಬಂದರಿನ ಗೇಟಿನಲ್ಲಿ ಪಾಸಿಲ್ಲದವನಿಗೆ ಪ್ರವೇಶ ಇಲ್ಲ. ಹಾಗಾಗಿ ಕಡಲ ಕಿನಾರೆಯ ಮರಳಲ್ಲೇ ನಿಂತೆ. ದೂರದಲ್ಲಿ ಸರದಿಗೆ ಕಾಯುವ ಹಡಗುಗಳು, ಹಿಂದೆ ಬೈಕಂಪಾಡಿಯ ಬಿಳಿ ಟ್ಯಾಂಕುಗಳು. 1975ರಲ್ಲಿ ಉದ್ಘಾಟನೆಯಾದ ಈ ನವಮಂಗಳೂರು ಬಂದರಿಗೆ ಎರಡು ಬಗೆಯ ಕಚ್ಚಾ ಎಣ್ಣೆ ಬರುತ್ತದೆ. ಒಂದು ಎಂಆರ್‌ಪಿಎಲ್‌ ತೈಲಾಗಾರಕ್ಕೆ ಹೋಗಿ ನಮ್ಮ ಬೈಕಿಗೆ ಬೀಳುತ್ತದೆ. ಇನ್ನೊಂದು ನಮ್ಮ ಬಾಣಲೆಗೆ.

ಕಚ್ಚಾ ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹೊರಡುವಾಗ ಕಿತ್ತಳೆಗೆಂಪು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಸತ್ವವೇ ಅದಕ್ಕೂ ಬಣ್ಣ ಕೊಡುವುದು. ತಂಪಾದರೆ ಹೆಪ್ಪುಗಟ್ಟುವುದರಿಂದ ದಾರಿಯುದ್ದಕ್ಕೂ ಬೆಚ್ಚಗಿಡಬೇಕು, ಇಳಿಸುವ ಮೊದಲು ಇನ್ನಷ್ಟು ಕಾಯಿಸಬೇಕು. ಆಮೇಲೆ ಕಾರ್ಖಾನೆಯಲ್ಲಿ ಅಂಟು ತೆಗೆದು, ಬಣ್ಣ ಕಳೆದು, ವಾಸನೆ ಹಾರಿಸಿ, ತಂಪಾಗಿಸಿ ಗಟ್ಟಿ ಭಾಗ, ತಿಳಿ ಭಾಗ ಬೇರ್ಪಡಿಸುತ್ತಾರೆ. ತಿಳಿಯಾದದ್ದು ಬೆಳಗ್ಗೆ ನೋಡಿದ ಟಿನ್ನಿಗೆ, ಗಟ್ಟಿಯಾದದ್ದು ವನಸ್ಪತಿಗೆ, ಬೇಕರಿ ಕೊಬ್ಬಿಗೆ, ಸಾಬೂನಿಗೆ. ಬಣ್ಣದ ಜೊತೆ ಸತ್ವವೂ ಹೋಯಿತು. ಉಳಿದದ್ದು ಬಣ್ಣ, ರುಚಿ, ವಾಸನೆ ಏನೂ ಇಲ್ಲದ ಕ್ಯಾಲರಿ. ಎಲ್ಲಿ ಬೆರೆಸಿದರೂ ಗೊತ್ತಾಗುವುದಿಲ್ಲ.

ಇದು ತಾನಾಗಿ ಹರಿದು ಬಂದದ್ದಲ್ಲ. 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರುವಾಗಿ, 90ರ ದಶಕದ ಆರಂಭಕ್ಕೆ ದೇಶ ತನ್ನ ಎಣ್ಣೆಯನ್ನು ಬಹುಪಾಲು ತಾನೇ ತೆಗೆಯುತ್ತಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಈಗ ಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರ ಏಪ್ರಿಲಿನಲ್ಲಿ ಇಂಡೋನೇಷ್ಯಾ ಕೆಲವು ವಾರ ರಫ್ತು ನಿಲ್ಲಿಸಿದಾಗ ಇಲ್ಲಿನ ಬಾಣಲೆಗೆ ಬಿಸಿ ತಾಗಿತು. ಜಕಾರ್ತದ ಆದೇಶ, ದೆಹಲಿಯ ಆಮದು ಸುಂಕ ಎರಡೂ ಕೊನೆಗೆ ಬರೆಯುವುದು ನನ್ನ ಸೊಂಟದ ಅಳತೆಯನ್ನು.

ಒಂದು ಸರ್ಕಾರ ಎಣ್ಣೆ ಬದಲಿಸಿದರೆ ಊರಿಗೆ ಊರೇ ಬದಲಾಗುತ್ತದೆಯೇ? ಮಾರಿಷಸ್ ಇದನ್ನು ಮಾಡಿ ನೋಡಿತು. ಅಲ್ಲಿನ ಪಡಿತರ ಎಣ್ಣೆ ಬಹುತೇಕ ತಾಳೆಯದಾಗಿತ್ತು. 1987ರಲ್ಲಿ ಅದನ್ನು ಸೋಯಾ ಎಣ್ಣೆಗೆ ಬದಲಾಯಿಸಿದರು. 1992ರಲ್ಲಿ ಅಳೆದಾಗ ಜನರ ಸರಾಸರಿ ಕೊಲೆಸ್ಟರಾಲ್ 5.5ರಿಂದ 4.7ಕ್ಕೆ, ನಮ್ಮ ಲ್ಯಾಬ್ ಲೆಕ್ಕದಲ್ಲಿ 30 ಅಂಶದಷ್ಟು ಇಳಿದಿತ್ತು. ಮನೆಮನೆಗೆ ಹೋಗಿ ಉಪದೇಶ ಮಾಡಿದ್ದರಿಂದ ಮಾತ್ರ ಇಷ್ಟು ಆಗುವುದಿಲ್ಲ, ಡಬ್ಬಿಯಲ್ಲಿದ್ದದ್ದೇ ಬದಲಾಗಿತ್ತು. ಆದರೆ ಅದೇ ಐದು ವರ್ಷದಲ್ಲಿ ಅಲ್ಲಿ ಅತಿತೂಕ ಏರಿತು. ಎಣ್ಣೆಯ ಜಾತಿ ಬದಲಾದರೆ ಕೊಲೆಸ್ಟರಾಲ್ ಕೇಳುತ್ತದೆ, ತೂಕ ಕೇಳುವುದಿಲ್ಲ. ತೂಕಕ್ಕೆ ಅಳತೆಯೇ ಬೇಕು.

ಮರಳಿನಿಂದ ಮೇಲೆ ಬಂದರೆ ಚಹಾದ ಅಂಗಡಿ. ಬಾಣಲೆಯಲ್ಲಿ ಗೋಳಿಬಜೆ ಉರುಳುತ್ತಿತ್ತು. ಇಷ್ಟೆಲ್ಲ ಯೋಚಿಸಿದವನು ಚಹಾ ಮಾತ್ರ ಕುಡಿಯಬೇಕಿತ್ತು. ಒಂದು ಪ್ಲೇಟು ಹೇಳಿದೆ. ಕಾಗದದ ಮೇಲೆ ಹರಡಿದ ಎಣ್ಣೆಯ ಕಲೆ ಹಡಗು ನಿಂತ ಸಮುದ್ರದ ಬೆಳಕಿನಲ್ಲಿ ಪಾರದರ್ಶಕವಾಗಿ ಹೊಳೆಯಿತು.

ರಾತ್ರಿ ಮನೆಯಲ್ಲಿ ಡಾಕ್ಟರ ಪ್ರಶ್ನೆಯನ್ನು ಹೆಂಡತಿಯ ಮುಂದಿಟ್ಟೆ.

“ತಿಂಗಳಿಗೆ ನಾಲ್ಕು ಪ್ಯಾಕೆಟ್,” ಎಂದಳು, ತಲೆ ಎತ್ತದೆ. “ಪ್ರತಿಯೊಂದರ ಮೇಲೂ ಒಡೆದ ತಾರೀಕು ಬರೆದಿಡ್ತೇನೆ. ನೀವು ನೋಡಿಯೇ ಇಲ್ಲ.”

ನೋಡಿದೆ. ಒಲೆಯ ಪಕ್ಕದ ಪ್ಯಾಕೆಟ್ಟಿನ ಮೇಲೆ ಮಾರ್ಕರಿನಲ್ಲಿ ಬರೆದಿತ್ತು. ನಾಲ್ಕು ಜನರಿಗೆ ನಾಲ್ಕು ಲೀಟರ್ ಎಂದರೆ 3.6 ಕೆ.ಜಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಮಿತಿ ತಲೆಗೆ ವರ್ಷಕ್ಕೆ 12 ಕೆ.ಜಿ. ಆ ಲೆಕ್ಕದಲ್ಲಿ ನಮ್ಮ ಮನೆಗೆ ತಿಂಗಳಿಗೆ 4 ಕೆ.ಜಿ. ಸಲ್ಲುತ್ತದೆ. ನಾವು ಒಳಗೇ ಇದ್ದೇವೆ. ಆದರೆ 2024ರ ನೀತಿ ಆಯೋಗದ ವರದಿಯಂತೆ ದೇಶದ ತಲಾ ಬಳಕೆ 19.7 ಕೆ.ಜಿ. ನಾಲ್ಕು ಜನರಿಗೆ ತಿಂಗಳಿಗೆ ಆರೂವರೆ ಕೆ.ಜಿ. ದಾಟುತ್ತದೆ. ಸರಾಸರಿ ಮನೆ ನಮ್ಮದೇ ಎಂದಿಟ್ಟುಕೊಂಡರೆ ಉಳಿದ ಮೂರು ಕೆ.ಜಿ. ಎಲ್ಲಿ?

“ಇವತ್ತು ಹೊರಗೆ ಏನೇನು ತಿಂದ್ರಿ?” ಎಂದು ಅವಳು ಕೇಳಿದಳು.

ಬಂದರಿನ ಬೀದಿಯ ಟಿನ್ನು ನೆನಪಾಯಿತು. ಅದರ ಮೇಲೆ ತಾರೀಕು ಬರೆದಿಡುವವರು ಯಾರೂ ಇಲ್ಲ.