ಬೈಕು ಮಾರಿದಿರಿ, ಹೆಸರು ಬದಲಾಯಿತೇ?

ಮಗ ಕಲಿಯಲೆಂದು ಕೊಂಡ ಬೈಕು. ನಾಲ್ಕು ಸಾವಿರ ಕಿ.ಮೀ. ಓಡಿ ಮೂಲೆ ಸೇರಿದೆ. ಕಡಿಮೆ ಓಡಿದ್ದಕ್ಕೆ ಬೆಲೆಯುಂಟು. ಸರ್ವಿಸ್ ಪುಸ್ತಕ ತೋರಿಸಿದರೆ ನಂಬಿಕೆಯೂ ಬರುತ್ತದೆ. ಆದರೆ ಭಾಲ್ಕಿ, ಔರಾದ ಕಡೆ ಪರಿಚಯದವರಿಗೆ ಮಾರುವಾಗ "ಕಾಗದ ಆಮ್ಯಾಲೆ ಮಾಡ್ಕೊಂಡ್ರಾತು ಬಿಡ್ರಿ" ಎಂದು ಕೀಲಿ ಕೊಟ್ಟುಬಿಡುತ್ತೇವೆ. ಎಡವುವುದು ಇಲ್ಲೇ.

ಆರ್.ಸಿ.ಯಲ್ಲಿ ಹೆಸರಿದ್ದವರೇ ಮಾಲೀಕರು. ಗಾಡಿ ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ವಿಮೆ ಮುಗಿದಿದ್ದರಂತೂ ಹೊಲಕ್ಕೇ ಕುತ್ತು.

ಹೀಗೆ ಮಾಡಿ:
* ಹಣ ಎಣಿಸುವಾಗಲೇ ಫಾರಂ 29 ಮತ್ತು 30 ತುಂಬಿ ಸಹಿ ಮಾಡಿ.
* ಗಾಡಿ ಕೊಟ್ಟ ತಾರೀಖು, ಗಂಟೆ ಬರೆದ ಚೀಟಿಗೆ ಕೊಂಡವರ ಸಹಿ ಪಡೆಯಿರಿ. ಅವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ.
* ಮಾರಿದ 14 ದಿನದೊಳಗೆ ನಿಮ್ಮ ಆರ್.ಟಿ.ಓ.ಗೆ ತಿಳಿಸಿ. ಬೀದರದ್ದು ಕೆಎ 38, ಭಾಲ್ಕಿಯದು ಕೆಎ 39.
* ಸಾಲ ತೀರಿದ್ದರೆ ಫಾರಂ 35ರಿಂದ ಬ್ಯಾಂಕಿನ ಹೆಸರು ತೆಗೆಸಿ.
* ಕೊಳ್ಳುವವರು ಉದಗೀರ, ದೇಗಲೂರಿನವರೇ? ಅದು ಬೇರೆ ರಾಜ್ಯ. ಫಾರಂ 28ರ ಎನ್.ಓ.ಸಿ. ಬೇಕೇ ಬೇಕು.

ತಿಂಗಳು ಬಿಟ್ಟು ಹೊಸ ಆರ್.ಸಿ.ಯ ನಕಲು ಕೇಳಿ ನೋಡಿ. ಅಲ್ಲಿಯವರೆಗೂ ಗಾಡಿ ನಿಮ್ಮದೇ ಎಂದು ತಿಳಿಯಿರಿ.