ಹೆಸರು ಯಾರದು, ಹಣ ಯಾರದು?

ಮದುವೆಗೆ ಮುಂಚೆ ಮಗ ವಿಮೆ ಮಾಡಿಸಿದ. ಅರ್ಜಿಯಲ್ಲಿ ನಾಮಿನಿ ಎಂದಿದ್ದ ಕಡೆ ತಾಯಿಯ ಹೆಸರು ಬರೆಸಿದ. ಆ ವಯಸ್ಸಿನಲ್ಲಿ ಬೇರೆ ಯಾರ ಹೆಸರು ಬರೆಸಿಯಾನು? ಆಮೇಲೆ ಮದುವೆಯಾಯಿತು, ಮಗು ಹುಟ್ಟಿತು. ಪಾಲಿಸಿಯಲ್ಲಿದ್ದ ಹೆಸರು ಮಾತ್ರ ಬದಲಾಗಲಿಲ್ಲ. 2019ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಕಾಗದದಲ್ಲಿರುವುದು ನನ್ನ ಹೆಸರು, ಹಣ ನನಗೆ ಸೇರಬೇಕು ಎಂಬುದು ತಾಯಿಯ ವಾದ. ಗಂಡನ ಹಣದಲ್ಲಿ ನನಗೂ ಮಗುವಿಗೂ ಪಾಲಿಲ್ಲವೇ ಎಂಬುದು ಹೆಂಡತಿಯದು. ಅತ್ತೆ ಸೊಸೆಯ ಈ ವ್ಯಾಜ್ಯದಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2025ರಲ್ಲಿ ತೀರ್ಪು ಕೊಟ್ಟಿತು. ತಾಯಿಗೆ ಒಂದು ಪಾಲು, ಹೆಂಡತಿಗೆ ಒಂದು ಪಾಲು, ಮಗುವಿಗೆ ಒಂದು ಪಾಲು.

ಫಲಾನುಭವಿ ಎಂದೊಡನೆ ನಮ್ಮ ಕಡೆ ಮೊದಲು ನೆನಪಾಗುವುದು ಗೃಹಲಕ್ಷ್ಮಿ, ವೃದ್ಧಾಪ್ಯ ವೇತನ. ಪಟ್ಟಿಯಲ್ಲಿ ಹೆಸರಿದ್ದರೆ ಹಣ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆ ರೂಢಿಯಿಂದಲೋ ಏನೋ, ಬ್ಯಾಂಕಿನ ಠೇವಣಿಯಲ್ಲಿ, ಎಲ್‌ಐಸಿ ಬಾಂಡಿನಲ್ಲಿ ಯಾರ ಹೆಸರಿದೆಯೋ ಹಣವೂ ಅವರದೇ ಎಂದು ಬಹಳ ಮಂದಿ ನಂಬಿದ್ದಾರೆ. ಓದಿದವರೂ ನಂಬಿದ್ದಾರೆ. ಮನೆಯ ಯಜಮಾನ ಹೋದ ಮೇಲೆ ಒಡಹುಟ್ಟಿದವರ ನಡುವೆ ಮಾತು ನಿಲ್ಲುವುದಕ್ಕೆ ಆಸ್ತಿಯ ಮೇಲಿನ ಆಸೆಗಿಂತ ಈ ತಪ್ಪು ನಂಬಿಕೆಯೇ ಎಷ್ಟೋ ಸಲ ಕಾರಣವಾಗುತ್ತದೆ ಎಂದು ನನಗೆ ಅನಿಸಿದೆ.

ದೇವಸ್ಥಾನದ ಹುಂಡಿಯನ್ನು ನೆನೆಸಿಕೊಳ್ಳಿ. ಬೀಗ ತೆಗೆದು ಹಣ ಎಣಿಸಿ ಲೆಕ್ಕ ಬರೆಯುವವರು ಧರ್ಮದರ್ಶಿಗಳು. ಹಣ ಅವರ ಕೈಯಲ್ಲಿರುತ್ತದೆ, ಅವರದಾಗಿರುವುದಿಲ್ಲ. ಕಾನೂನಿನಲ್ಲಿ ಫಲಾನುಭವಿ ಎಂಬ ಮಾತು ಹುಟ್ಟುವುದೇ ಈ ಅಂತರದಲ್ಲಿ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಒಂದು ಆಸ್ತಿಯ ಮುಂದೆ ಇಬ್ಬರನ್ನು ನಿಲ್ಲಿಸುತ್ತದೆ. ಆಸ್ತಿ ಒಬ್ಬನ ಹೆಸರಿನಲ್ಲಿರುತ್ತದೆ, ಅದನ್ನು ಕಾಯುವ ಹೊಣೆ ಅವನದು. ಅದರ ಫಲ ಇನ್ನೊಬ್ಬನಿಗೆ ಸೇರುತ್ತದೆ, ಅವನೇ ಫಲಾನುಭವಿ. ಹೆಸರಿಟ್ಟುಕೊಂಡವನು ಫಲ ತಿಂದರೆ ಫಲಾನುಭವಿ ಕೋರ್ಟಿಗೆ ಹೋಗಿ ಲೆಕ್ಕ ಕೇಳಬಹುದು.

ನಾಮಿನಿ ಈ ಇಬ್ಬರಲ್ಲಿ ಯಾರು? ಈ ಪ್ರಶ್ನೆಗೆ ದೇಶಕ್ಕೆಲ್ಲ ಅನ್ವಯವಾಗುವ ಉತ್ತರ ಬರೆದವರು ನಮ್ಮ ಮಂಡ್ಯ ಜಿಲ್ಲೆಯವರು. ಪಾಂಡವಪುರದ ಹತ್ತಿರದ ಎಂಗಲಗುಪ್ಪೆಯ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಕೆಲ ತಿಂಗಳು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಅದಕ್ಕೆ ಮುಂಚೆ, 1983ರ ಡಿಸೆಂಬರಿನಲ್ಲಿ, ಸರ್ಬತಿ ದೇವಿ ವಿರುದ್ಧ ಉಷಾ ದೇವಿ ಪ್ರಕರಣದ ತೀರ್ಪು ಅವರದು. ಅದೂ ಅತ್ತೆ ಸೊಸೆಯ ವ್ಯಾಜ್ಯವೇ, ಆದರೆ ಧಾರವಾಡದ ಪ್ರಕರಣಕ್ಕೆ ಕನ್ನಡಿ ಹಿಡಿದಂತೆ ತಿರುವುಮುರುವು. 1967ರಲ್ಲಿ ಉಯಿಲು ಬರೆಯದೆ ತೀರಿಕೊಂಡವನ ವಿಮೆಯಲ್ಲಿ ಅಲ್ಲಿ ಹೆಂಡತಿಯ ಹೆಸರಿತ್ತು, ಪಾಲು ಕೇಳಿದವಳು ತಾಯಿ. ವಿಮಾ ಕಾಯ್ದೆಯ 39ನೇ ಸೆಕ್ಷನ್ನಿನಡಿ ನಾಮಿನಿಗೆ ಸಿಗುವುದು ಹಣ ಪಡೆಯುವ ಅಧಿಕಾರ ಮಾತ್ರ, ಹಣದ ಒಡೆತನ ವಾರಸುದಾರರದು ಎಂದು ವೆಂಕಟರಾಮಯ್ಯ ಬರೆದರು. ಕಂಪನಿ ಯಾರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು ಎಂಬುದನ್ನಷ್ಟೇ ಆ ಹೆಸರು ಹೇಳುತ್ತದೆ. ಅಲ್ಲಿಯೂ ತಾಯಿ, ಹೆಂಡತಿ, ಮಗ, ಮೂರು ಸಮಪಾಲು.

ಬ್ಯಾಂಕಿನ ಠೇವಣಿಗೂ ಇದೇ ನ್ಯಾಯ. ನಾಮಿನಿಗೆ ದುಡ್ಡು ಕೊಟ್ಟಲ್ಲಿಗೆ ಬ್ಯಾಂಕಿನ ಹೊಣೆ ಮುಗಿಯಿತು, ವಾರಸುದಾರರ ಹಕ್ಕು ಮುಗಿಯಲಿಲ್ಲ. ಕಂಪನಿ ಷೇರುಗಳ ವಿಷಯದಲ್ಲಿ ಬಹಳ ಕಾಲ ಗೊಂದಲವಿತ್ತು. ಅದು ತೀರಿದ್ದು ಕನ್ನಡದಲ್ಲೂ ಬರುವ ಕಾಲನಿರ್ಣಯ ಪಂಚಾಂಗವನ್ನು ಆರಂಭಿಸಿದ ಜಯಂತ ಸಾಳಗಾಂವಕರ್ ಅವರ ಕುಟುಂಬದ ವ್ಯಾಜ್ಯದಲ್ಲಿ. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಷೇರಿಗೆ ನಾಮಿನಿ ಬರೆಸಿದ್ದು ಉಯಿಲಿಗೆ ಸಮನಲ್ಲ ಎಂದಿತು.

ಹಾಗಾದರೆ 2015ರ ತಿದ್ದುಪಡಿ ಏನು ಮಾಡಿತು ಎಂದು ವಿಮಾ ಏಜೆಂಟರು ಕೇಳಿಯಾರು. ಸರಿಯಾದ ಪ್ರಶ್ನೆ. ಆ ವರ್ಷ ವಿಮಾ ಕಾಯ್ದೆಗೆ ಹೊಸ ಮಾತು ಸೇರಿತು: ಪಾಲಿಸಿದಾರ ತನ್ನ ತಂದೆತಾಯಿಯನ್ನೋ ಸಂಗಾತಿಯನ್ನೋ ಮಕ್ಕಳನ್ನೋ ನಾಮಿನಿ ಮಾಡಿದರೆ ಅವರಿಗೆ ಹಣದ ಮೇಲೆ ಫಲಾನುಭವದ ಹಕ್ಕೂ ಇರುತ್ತದೆ. ಓದಿದರೆ ಸರ್ಬತಿ ದೇವಿ ತೀರ್ಪು ಬಿದ್ದುಹೋಯಿತು ಎನಿಸುತ್ತದೆ. ಧಾರವಾಡದ ತಾಯಿಯ ಪರ ವಾದ ನಿಂತದ್ದೂ ಈ ಮಾತಿನ ಮೇಲೆಯೇ. ಉಳಿದ ವಾರಸುದಾರರು ಹಕ್ಕು ಕೇಳದಿದ್ದರೆ ಹಣ ನಾಮಿನಿಗೆ ಸೇರಲಿ, ಅವರು ಕೇಳಿದರೆ ಉತ್ತರಾಧಿಕಾರದ ಕಾನೂನೇ ನಡೆಯಬೇಕು ಎಂದು ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆ ಅರ್ಥೈಸಿದರು. ಬೇರೆ ಹೈಕೋರ್ಟುಗಳಲ್ಲಿ ಬೇರೆ ಅಭಿಪ್ರಾಯ ಬಂದದ್ದೂ ಉಂಟು. ನನ್ನ ಮನಸ್ಸು ಧಾರವಾಡದ ಕಡೆಗೇ. ಹಸುಗೂಸಿನ ಅನ್ನವನ್ನು ಮದುವೆಗೆ ಮುಂಚೆ ತುಂಬಿದ ಒಂದು ಅರ್ಜಿ ತೀರ್ಮಾನಿಸಬಾರದು.

ಪಿಎಫ್ ನಿಯಮ ಮಾಡಿದವರು ಇದನ್ನು ಹಿಂದೆಯೇ ಯೋಚಿಸಿದ್ದರು. 1952ರ ಇಪಿಎಫ್ ಯೋಜನೆಯಲ್ಲಿ ಮದುವೆಗೆ ಮುಂಚೆ ಬರೆಸಿದ ನಾಮಿನಿ ಮದುವೆಯಾದೊಡನೆ ತಾನಾಗಿಯೇ ರದ್ದಾಗುತ್ತದೆ. ಹೊಸದಾಗಿ ಬರೆಸಬೇಕು.

ಗಂಡ ನಿಜವಾಗಿಯೂ ಹೆಂಡತಿ ಮಕ್ಕಳಿಗೇ ಹಣ ಸೇರಲಿ ಎಂದುಕೊಂಡರೆ ಅದಕ್ಕೊಂದು ಹಳೆಯ ದಾರಿಯಿದೆ. ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರದ್ದು. ಪಾಲಿಸಿ ಮಾಡಿಸುವಾಗಲೇ ಆ ಕಾಯ್ದೆಯಡಿ ಎಂದು ಬರೆದುಕೊಟ್ಟರೆ ಅದು ಟ್ರಸ್ಟ್ ಆಗುತ್ತದೆ, ಹೆಂಡತಿ ಮಕ್ಕಳು ಪೂರ್ಣ ಅರ್ಥದಲ್ಲಿ ಫಲಾನುಭವಿಗಳು. ಮೋಸದ ಉದ್ದೇಶ ಇಲ್ಲದಿದ್ದರೆ ಗಂಡನಿಗೆ ಸಾಲ ಕೊಟ್ಟವರು ಆ ಹಣ ಮುಟ್ಟುವಂತಿಲ್ಲ. ಸಾಲ ತಂದು ಅಂಗಡಿ ನಡೆಸುವವರು, ಲಾರಿ ಇಟ್ಟವರು ಇದನ್ನು ಅವಶ್ಯ ತಿಳಿದಿರಬೇಕು. ಆದರೆ ಈ ಕಾಯ್ದೆಯಡಿ ತಾಯಿಯನ್ನು ಸೇರಿಸಲು ಬರುವುದಿಲ್ಲ.

ಉಯಿಲೂ ಇಲ್ಲ, ಟ್ರಸ್ಟೂ ಇಲ್ಲ ಎಂದಾಗ ಹಿಂದೂ ಕುಟುಂಬದಲ್ಲಿ ಫಲಾನುಭವಿಗಳನ್ನು ಆರಿಸುವುದು 1956ರ ಉತ್ತರಾಧಿಕಾರ ಕಾಯ್ದೆ. (ಮುಸ್ಲಿಮರಿಗೂ ಕ್ರೈಸ್ತರಿಗೂ ಬೇರೆ ನಿಯಮಗಳಿವೆ.) ಗಂಡಸು ತೀರಿಕೊಂಡರೆ ಹೆಂಡತಿ, ಮಕ್ಕಳು, ತಾಯಿ ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ತಂದೆ ಆ ಸಾಲಿನಲ್ಲಿಲ್ಲ. ಹೊಲ ಅಡವಿಟ್ಟು ಮಗನನ್ನು ಎಂಜಿನಿಯರ್ ಓದಿಸಿದ ಅಪ್ಪನಿಗೆ, ಈ ಮೂವರಲ್ಲಿ ಒಬ್ಬರಿದ್ದರೂ, ಆ ಮಗ ಗಳಿಸಿದ್ದರಲ್ಲಿ ಪಾಲಿಲ್ಲ. ಅಪ್ಪನಿಗೇನಾದರೂ ಸೇರಬೇಕೆಂದಿದ್ದರೆ ಮಗ ಉಯಿಲಿನಲ್ಲಿ ಹೇಳಿಯೇ ಹೋಗಬೇಕು.

ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಕಠಿಣ. ಅವರ ಸ್ವಂತ ಗಳಿಕೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ತವರಿನ ತಂದೆತಾಯಿಯ ಸರದಿ ಬರುವುದು ಆಮೇಲೆ. ಓಂಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣವನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ. ಒಬ್ಬ ಹೆಣ್ಣುಮಗಳ ಗಂಡ ಮದುವೆಯಾಗಿ ಮೂರು ತಿಂಗಳಲ್ಲಿ ಹಾವು ಕಚ್ಚಿ ಸತ್ತ. ಅತ್ತೆಮನೆಯವರು ಅವಳನ್ನು ಹೊರಗಟ್ಟಿದರು. ತವರಿನವರು ಕರೆದುಕೊಂಡು ಬಂದು ಓದಿಸಿದರು, ಕೆಲಸಕ್ಕೆ ಸೇರಿದಳು. ಸುಮಾರು ನಲವತ್ತು ವರ್ಷಗಳ ನಂತರ, 1996ರಲ್ಲಿ, ಪಿಎಫ್ ಹಣ, ಬ್ಯಾಂಕಿನ ಉಳಿತಾಯ ಬಿಟ್ಟು ತೀರಿಕೊಂಡಳು. ಉಯಿಲು ಬರೆದಿರಲಿಲ್ಲ. ಹೆತ್ತ ತಾಯಿ ಹಣ ಕೇಳಿದಳು, ಸತ್ತ ಗಂಡನ ಅಕ್ಕತಂಗಿಯ ಮಕ್ಕಳೂ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಂಡನ ಕಡೆಯವರಿಗೇ ಕೊಟ್ಟಿತು. ಕಾನೂನು ಹಾಗಿರುವಾಗ ಮರುಕಕ್ಕೆ ಅಲ್ಲಿ ಜಾಗವಿರಲಿಲ್ಲ.

2025ರ ನವೆಂಬರಿನಲ್ಲಿ ಹೆಣ್ಣುಮಕ್ಕಳ ಉತ್ತರಾಧಿಕಾರದ ಇದೇ ನಿಯಮ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ವೆಂಕಟರಾಮಯ್ಯನವರ ಮಗಳು. ಮಕ್ಕಳೂ ಗಂಡನೂ ಇಲ್ಲದ ಹಿಂದೂ ಮಹಿಳೆಯರು, ಅಷ್ಟೇ ಏಕೆ, ಎಲ್ಲ ಮಹಿಳೆಯರೂ ತಡಮಾಡದೆ ಉಯಿಲು ಬರೆದಿಡಿ ಎಂದು ಆ ಪೀಠ ಕೇಳಿಕೊಂಡಿತು.

ಉಯಿಲಿಗೆ ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೆಯಬಹುದು. ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ, ಬೇಕೆಂದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು. ಮನಸ್ಸು ಬದಲಾದರೆ ಹರಿದು ಹಾಕಿ ಹೊಸದು ಬರೆಯಬಹುದು. ಅಂಥ ಒಂದು ಹಾಳೆ ಆ ಹೆಣ್ಣುಮಗಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ತವರಿನವರು ಅವಳ ಪಿಎಫ್ ಹಣಕ್ಕಾಗಿ ಹದಿಮೂರು ವರ್ಷ ಕೋರ್ಟಿಗೆ ಅಲೆಯಬೇಕಿರಲಿಲ್ಲ.